ವಿಟಮಿನ್ ಕೊಟ್ಟಾಗ ಹೆಚ್ಚಿದ ಕ್ಯಾನ್ಸರ್, ತಡೆದಾಗ ತಗ್ಗಿತು: ಡಾ. ಸಿಡ್ನಿ ಫಾರ್ಬರ್ ಬದುಕಿನ ಕಥೆ

ಈ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕ್ಯಾನ್ಸರ್ ಅನ್ನುವುದು ಕಾಯಿಲೆಯೇ ಅಲ್ಲ, ಅದು ಬರೀ ವಿಟಮಿನ್ ಬಿ17 ಕೊರತೆ. ದಿನಾ ಒಂದಿಷ್ಟು ಏಪ್ರಿಕಾಟ್ ಬೀಜ ತಿಂದರೆ ಸಾಕು. ಕೀಮೋಥೆರಪಿ ಎಲ್ಲ ಔಷಧ ಕಂಪನಿಗಳ ದಂಧೆ. ಇಷ್ಟು ಹೇಳಿ, ಕೊನೆಗೆ ಎಲ್ಲರಿಗೂ ಕಳಿಸಿ ಪುಣ್ಯ ಕಟ್ಟಿಕೊಳ್ಳಿ ಅನ್ನುವ ವಿನಂತಿ. ಇಂಥದ್ದೇ ಇನ್ನೊಂದು ಮೆಸೇಜಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿಯ ಹೆಸರನ್ನೇ ಅಂಟಿಸಿಬಿಟ್ಟಿದ್ದರು. ಅದು ತಮ್ಮದಲ್ಲವೆಂದು ಆ ಸಂಸ್ಥೆಯೇ ಬಹಿರಂಗವಾಗಿ ಹೇಳಬೇಕಾಯಿತು.

ಮೊದಲು ಬಿ17 ವಿಷಯ ಮುಗಿಸಿಬಿಡೋಣ. ಆ ಹೆಸರಿನ ವಿಟಮಿನ್ ಇಲ್ಲ. ಏಪ್ರಿಕಾಟ್ ಬೀಜದಲ್ಲಿರುವುದು ಅಮಿಗ್ಡಾಲಿನ್ ಎಂಬ ವಸ್ತು. ಅದು ಹೊಟ್ಟೆಗೆ ಹೋದಾಗ ಸಯನೈಡ್ ಬಿಡುಗಡೆಯಾಗುತ್ತದೆ. 1982ರಲ್ಲಿ ಅಮೆರಿಕದಲ್ಲಿ 178 ಕ್ಯಾನ್ಸರ್ ರೋಗಿಗಳಿಗೆ ಇದನ್ನು ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಯಾರ ಕ್ಯಾನ್ಸರೂ ವಾಸಿಯಾಗಲಿಲ್ಲ, ಕೆಲವರ ರಕ್ತದಲ್ಲಿ ಸಯನೈಡ್ ಅಪಾಯದ ಮಟ್ಟಕ್ಕೆ ಹತ್ತಿರ ಬಂದಿತ್ತು.

ಆದರೆ ವಿಟಮಿನ್‌ಗೂ ಕ್ಯಾನ್ಸರ್‌ಗೂ ನಿಜವಾದ ಸಂಬಂಧವೊಂದಿದೆ. ಅದನ್ನು ಕಂಡವರು ಹಾರ್ವರ್ಡ್ ಯೂನಿವರ್ಸಿಟಿಗೆ ಸೇರಿದ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುತ್ತಿದ್ದ ಒಬ್ಬ ಡಾಕ್ಟರ್. ಇಂದು ಡಾನಾ-ಫಾರ್ಬರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಎಂದು ಕರೆಯುವ, ಜಗತ್ತಿನ ದೊಡ್ಡ ಕ್ಯಾನ್ಸರ್ ಸಂಶೋಧನೆ ಮತ್ತು ಚಿಕಿತ್ಸಾ ಕೇಂದ್ರಗಳಲ್ಲೊಂದು ಹುಟ್ಟಿದ್ದು ಅವರಿಂದ. ಅವರು ಕಂಡದ್ದು ಫಾರ್ವರ್ಡ್ ಹೇಳುವುದಕ್ಕೆ ಪೂರ್ತಿ ಉಲ್ಟಾ.

ಹದಿನಾಲ್ಕು ಮಕ್ಕಳ ಮನೆ

ಸಿಡ್ನಿ ಫಾರ್ಬರ್ ಹುಟ್ಟಿದ್ದು 1903ರ ಸೆಪ್ಟೆಂಬರ್ 30ರಂದು, ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ಯಹೂದಿ ಕುಟುಂಬದಲ್ಲಿ. ಒಟ್ಟು 14 ಮಕ್ಕಳು, ಇವರು ಮೂರನೆಯವರು. ಓದಿನಲ್ಲಿ ಎಲ್ಲರೂ ಮುಂದು. ಅಣ್ಣ ಮಾರ್ವಿನ್ ಮುಂದೆ ಹೆಸರಾಂತ ತತ್ವಶಾಸ್ತ್ರದ ಪ್ರೊಫೆಸರ್ ಆದರು.

ಆಗ ಅಮೆರಿಕದ ಮೆಡಿಕಲ್ ಕಾಲೇಜುಗಳಲ್ಲಿ ಯಹೂದಿ ಹುಡುಗರಿಗೆ ಸೀಟು ಸಿಗುವುದು ಸುಲಭವಿರಲಿಲ್ಲ. ಹಾಗಾಗಿ ಬಫಲೋದಲ್ಲಿ ಪದವಿ ಮುಗಿಸಿದ ಫಾರ್ಬರ್ ವೈದ್ಯಕೀಯದ ಮೊದಲ ವರ್ಷವನ್ನು ಜರ್ಮನಿಯಲ್ಲಿ ಓದಿದರು. ಯಹೂದಿ ಹುಡುಗನೊಬ್ಬ ಓದಲು ಅಮೆರಿಕ ಬಿಟ್ಟು ಜರ್ಮನಿಗೆ ಹೋದ ಎಂದರೆ ಇಂದು ವಿಚಿತ್ರ ಅನಿಸುತ್ತದೆ. ಹಿಟ್ಲರ್ ಅಧಿಕಾರಕ್ಕೆ ಬರಲು ಆಗಿನ್ನೂ ವರ್ಷಗಳಿದ್ದವು. ಅಲ್ಲಿ ಚೆನ್ನಾಗಿ ಓದಿ ಎರಡನೇ ವರ್ಷಕ್ಕೆ ಹಾರ್ವರ್ಡ್ ಮೆಡಿಕಲ್ ಸ್ಕೂಲ್‌ಗೆ ಬಂದರು. 1927ರಲ್ಲಿ ಡಾಕ್ಟರ್ ಆದರು.

ಆರಿಸಿಕೊಂಡದ್ದು ಪ್ಯಾಥಾಲಜಿ, ಅಂದರೆ ಸತ್ತವರ ದೇಹ ಮತ್ತು ಕತ್ತರಿಸಿ ತೆಗೆದ ಅಂಗಾಂಶಗಳನ್ನು ನೋಡಿ ಕಾಯಿಲೆ ಏನೆಂದು ಹೇಳುವ ವಿಭಾಗ. 1929ರಲ್ಲಿ ಬಾಸ್ಟನ್ ಮಕ್ಕಳ ಆಸ್ಪತ್ರೆಗೆ ಮೊದಲ ಪೂರ್ಣಾವಧಿ ಪ್ಯಾಥಾಲಜಿಸ್ಟ್ ಆಗಿ ಸೇರಿದರು. ಶವಪರೀಕ್ಷೆ ಮಾಡುವ ಬಗ್ಗೆ ಒಂದು ಪುಸ್ತಕವನ್ನೂ ಬರೆದರು. ಸೂಟು ಬೂಟು, ಅಳೆದು ತೂಗಿ ಮಾತು, ಎಲ್ಲದರಲ್ಲೂ ಶಿಸ್ತು. ಹೆಂಡತಿ ನಾರ್ಮಾ ಹಾಡುಗಾರ್ತಿ, ಕವಿ. ಮಕ್ಕಳಿಗಾಗಿ ಪುಸ್ತಕಗಳನ್ನೂ ಬರೆದವರು.

ಸುಮಾರು ಇಪ್ಪತ್ತು ವರ್ಷ ಫಾರ್ಬರ್ ಕೈಗೆ ಬರುತ್ತಿದ್ದದ್ದು ಸತ್ತ ಮಕ್ಕಳು ಮಾತ್ರ. ಅವರಲ್ಲಿ ಒಂದು ಕಾಯಿಲೆಯ ಮಕ್ಕಳು ಮತ್ತೆ ಮತ್ತೆ ಬರುತ್ತಿದ್ದರು. ಅದು ಅಕ್ಯೂಟ್ ಲ್ಯುಕೇಮಿಯಾ, ಅಂದರೆ ವೇಗವಾಗಿ ಏರುವ ರಕ್ತದ ಕ್ಯಾನ್ಸರ್.

ನಮ್ಮ ರಕ್ತ ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಈ ಕಾಯಿಲೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ಅಲ್ಲಿ ಹೊಲದಲ್ಲಿ ಕಳೆ ಹಬ್ಬಿದಂತೆ ಹಬ್ಬಿ, ಉಳಿದ ಕಣಗಳಿಗೆ ಜಾಗವೇ ಇಲ್ಲದಂತೆ ಮಾಡುತ್ತವೆ. ಕೆಂಪು ಕಣ ಕಡಿಮೆಯಾಗಿ ಮಗು ಬಿಳಿಚಿಕೊಳ್ಳುತ್ತದೆ, ಪ್ಲೇಟ್‌ಲೆಟ್ ಕಡಿಮೆಯಾಗಿ ಮೈಮೇಲೆ ಕಂದು ಕಲೆ ಬೀಳುತ್ತವೆ, ಜ್ವರ ಬಿಡುವುದಿಲ್ಲ, ಕೈಕಾಲು ಮೂಳೆ ನೋಯುತ್ತವೆ. ಗಡ್ಡೆಯಾಗಿದ್ದರೆ ಕತ್ತರಿಸಿ ತೆಗೆಯಬಹುದಿತ್ತು. ರಕ್ತವನ್ನು ಕತ್ತರಿಸುವುದು ಹೇಗೆ? ಪತ್ತೆಯಾದ ಕೆಲವೇ ವಾರ ಅಥವಾ ತಿಂಗಳಲ್ಲಿ ಮಗು ಹೋಗಿಬಿಡುತ್ತಿತ್ತು. ವಾರ್ಡಿನ ಡಾಕ್ಟರುಗಳು ರಕ್ತ ಕೊಟ್ಟು, ನೋವು ಕಡಿಮೆ ಮಾಡಿ ಸುಮ್ಮನಾಗುತ್ತಿದ್ದರು.

ಮುಂಬಯಿಯಿಂದ ಬಂದ ಸುಳಿವು

ಫಾರ್ಬರ್‌ಗೆ ಹೊಳೆದ ದಾರಿಯ ಬೇರು ನಮ್ಮ ದೇಶದಲ್ಲೂ ಇದೆ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ಡಾಕ್ಟರ್ ಮುಂಬಯಿಗೆ ಬಂದಿದ್ದರು. ಬಟ್ಟೆ ಗಿರಣಿಯ ಬಡ ಹೆಂಗಸರು ಬಸುರಿಯಾದಾಗ ತೀವ್ರ ರಕ್ತಹೀನತೆಗೆ ತುತ್ತಾಗುವುದೇಕೆ ಎಂದು ಹುಡುಕುವುದು ಅವರ ಕೆಲಸ. ಯೀಸ್ಟ್‌ನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ತಿನಿಸು ಕೊಟ್ಟರೆ ರಕ್ತ ಸುಧಾರಿಸುತ್ತಿತ್ತು. ಅದರಲ್ಲಿದ್ದ ಗುಟ್ಟಿನ ಅಂಶ ಏನೆಂದು ಮುಂದೆ ಗೊತ್ತಾಯಿತು. ಅದೇ ಫೋಲಿಕ್ ಆಸಿಡ್. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದಾಗ, ಲ್ಯಾಟಿನ್‌ನಲ್ಲಿ ಎಲೆ ಎಂಬ ಅರ್ಥದ ಪದದಿಂದ ಆ ಹೆಸರಿಟ್ಟರು.

ಈ ವಿಟಮಿನ್ ಮಜ್ಜೆಯಲ್ಲಿ ರಕ್ತ ಹೆಚ್ಚಿಸುತ್ತದೆ. ಹಾಗಾದರೆ ಮಜ್ಜೆ ಕೆಟ್ಟ ಮಕ್ಕಳಿಗೂ ಕೊಟ್ಟರೆ ಹೇಗೆ? ಕೇಳಲು ತರ್ಕಬದ್ಧ. ಇವತ್ತಿನ ಫಾರ್ವರ್ಡ್‌ಗಳ ತರ್ಕವೂ ಇದೇ ಅಲ್ಲವೇ: ಕೊರತೆ ಇದೆ, ತುಂಬಿಸಿ.

ಫಾರ್ಬರ್ ತುಂಬಿಸಿ ನೋಡಿದರು. ಫೋಲಿಕ್ ಆಸಿಡ್ ಗುಂಪಿನ ವಸ್ತುಗಳನ್ನು ಕ್ಯಾನ್ಸರ್ ಮಕ್ಕಳಿಗೆ ಕೊಟ್ಟರು. ಲ್ಯುಕೇಮಿಯಾ ಇದ್ದವರಲ್ಲಿ ಮಜ್ಜೆಯ ಮಾದರಿಯನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಕಂಡದ್ದು ಸುಧಾರಣೆಯಲ್ಲ. ಕ್ಯಾನ್ಸರ್ ಕಣಗಳು ಇನ್ನೂ ಜೋರಾಗಿ ಬೆಳೆಯುತ್ತಿವೆ ಎಂದು ಅವರಿಗೆ ಅನಿಸಿತು. ಕಳೆಗೇ ಗೊಬ್ಬರ ಹಾಕಿದಂತಾಗಿತ್ತು.

ಆಸ್ಪತ್ರೆಯಲ್ಲಿ ಕೆಲವರು ಸಿಟ್ಟಾದರು. ಸಾಯುವ ಮಕ್ಕಳನ್ನು ನೆಮ್ಮದಿಯಾಗಿ ಸಾಯಲೂ ಬಿಡದೆ ಪ್ರಯೋಗ ಮಾಡುತ್ತಿದ್ದಾರೆ ಅನ್ನುವುದು ಅವರ ಆಕ್ಷೇಪ. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಇಂದು ಇರುವಂತೆ ಎಥಿಕ್ಸ್ ಕಮಿಟಿಯ ಅನುಮತಿ, ತಂದೆತಾಯಿ ಪೂರ್ತಿ ತಿಳಿದು ಸಹಿ ಹಾಕುವ ಒಪ್ಪಿಗೆ ಪತ್ರ, ಇಂಥ ಬಿಗಿ ನಿಯಮ ಆಗ ಇರಲಿಲ್ಲ.

ಬೇರೆ ಯಾರಾದರೂ ಇಲ್ಲಿಗೆ ನಿಲ್ಲಿಸುತ್ತಿದ್ದರೋ ಏನೋ. ಫಾರ್ಬರ್ ತಮ್ಮ ತಪ್ಪನ್ನೇ ತಿರುಗಿಸಿ ನೋಡಿದರು. ಈ ವಿಟಮಿನ್ ಕ್ಯಾನ್ಸರ್ ಕಣಗಳಿಗೆ ಆಹಾರವಾಗುವುದಾದರೆ, ಅದು ಸಿಗದಂತೆ ಅಡ್ಡಹಾಕಿದರೆ?

ಭೀಮಾವರಂನ ಸುಬ್ಬರಾವ್

ಅಡ್ಡಹಾಕುವ ವಸ್ತು ಎಲ್ಲಿ ಸಿಗಬೇಕು? ಉತ್ತರ ಲೆಡರ್ಲಿ ಎಂಬ ಔಷಧ ಕಂಪನಿಯ ಪ್ರಯೋಗಾಲಯದಲ್ಲಿತ್ತು. ಅಲ್ಲಿನ ಸಂಶೋಧನಾ ಮುಖ್ಯಸ್ಥರು ಯಲ್ಲಾಪ್ರಗಡ ಸುಬ್ಬರಾವ್, 1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದವರು. ಮೆಟ್ರಿಕ್‌ನಲ್ಲಿ ಎರಡು ಸಲ ಫೇಲಾಗಿ, ಆಮೇಲೆ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದವರು. ಸ್ಪ್ರೂ ಎಂಬ ಕರುಳಿನ ಕಾಯಿಲೆ ಅವರ ಸಹೋದರನ ಪ್ರಾಣ ತೆಗೆದಿತ್ತು. ಆ ಕಾಯಿಲೆಗೂ ಫೋಲಿಕ್ ಆಸಿಡ್ ಕೊರತೆಗೂ ನಂಟಿದೆ.

1923ರಲ್ಲಿ ಸುಬ್ಬರಾವ್ ಹಾರ್ವರ್ಡ್‌ಗೆ ಹೋದರು. ರಕ್ತದಲ್ಲಿ ರಂಜಕದ ಪ್ರಮಾಣ ಅಳೆಯಲು ಅವರು ಫಿಸ್ಕೆ ಜೊತೆ ಸೇರಿ ಕೊಟ್ಟ ವಿಧಾನ ಇಂದಿಗೂ ಪಠ್ಯಪುಸ್ತಕದಲ್ಲಿದೆ. ಆದರೂ ಅಲ್ಲಿ ಪ್ರೊಫೆಸರ್ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲಿ ಸೇರಿದರು. ಅವರ ತಂಡ ಫೋಲಿಕ್ ಆಸಿಡ್ಡನ್ನು ಕೃತಕವಾಗಿ ತಯಾರಿಸಿತು. ಆ ಹಾದಿಯಲ್ಲೇ ಫೋಲಿಕ್ ಆಸಿಡ್‌ನಂತೆಯೇ ಕಾಣುವ, ಆದರೆ ಅದರ ಕೆಲಸ ಮಾಡದ ಹಲವು ಹುಸಿ ವಸ್ತುಗಳೂ ಹುಟ್ಟಿದವು.

ಇಲ್ಲೊಂದು ಮಾತು. ಸುಬ್ಬರಾವ್ ಬಗ್ಗೆಯೂ ಫಾರ್ವರ್ಡ್‌ಗಳಿವೆ. ಎಲ್ಲ ಔಷಧವನ್ನೂ ಅವರೊಬ್ಬರೇ ಕಂಡುಹಿಡಿದರು ಎಂದು ಕೆಲವದರಲ್ಲಿ ಬರೆದಿರುತ್ತದೆ. ಆರಿಯೋಮೈಸಿನ್ ಎಂಬ ಆಂಟಿಬಯಾಟಿಕ್ ಕಂಡುಹಿಡಿದದ್ದು ಅದೇ ಲ್ಯಾಬಿನ ಬೆಂಜಮಿನ್ ಡಗ್ಗರ್; ಸುಬ್ಬರಾವ್ ಆಗ ಸಂಶೋಧನೆಯ ಮುಖ್ಯಸ್ಥರು. ಅವರು ನಿಜವಾಗಿ ಮಾಡಿದ್ದೇ ಬೇಕಾದಷ್ಟಿದೆ, ಉಪ್ಪುಖಾರ ಸೇರಿಸುವ ಅಗತ್ಯ ಇಲ್ಲ.

ಸುಬ್ಬರಾವ್ ಕಳಿಸಿದ ಹುಸಿ ವಸ್ತುಗಳಲ್ಲಿ ಒಂದರ ಹೆಸರು ಅಮಿನಾಪ್ಟೆರಿನ್. ಅದು ಕೆಲಸ ಮಾಡುವುದು ಹೀಗೆ. ಕಣವೊಂದು ಎರಡಾಗಬೇಕಾದರೆ ತನ್ನ ಡಿಎನ್ಎ ನಕಲು ಮಾಡಿಕೊಳ್ಳಬೇಕು. ಅದಕ್ಕೆ ಫೋಲಿಕ್ ಆಸಿಡ್ ಬೇಕು. ಕಣದೊಳಗಿನ ಒಂದು ಕಿಣ್ವ ಬೀಗದಂತೆ, ಫೋಲಿಕ್ ಆಸಿಡ್ ಅದರ ಕೀಲಿಯಂತೆ. ಅಮಿನಾಪ್ಟೆರಿನ್ ಹೆಚ್ಚುಕಡಿಮೆ ಅದೇ ಆಕಾರದ ಕಳ್ಳಕೀಲಿ. ಬೀಗದೊಳಗೆ ಹೋಗುತ್ತದೆ, ತಿರುಗುವುದಿಲ್ಲ, ಹೊರಗೂ ಬರುವುದಿಲ್ಲ. ಸರಿಯಾದ ಕೀಲಿಗೆ ಜಾಗವಿಲ್ಲ. ಕಣ ಎರಡಾಗಲಾರದೆ ಸಾಯುತ್ತದೆ.

ಆದರೆ ಈ ಕಳ್ಳಕೀಲಿಗೆ ಒಳ್ಳೆಯ ಕಣ, ಕೆಟ್ಟ ಕಣ ಎಂಬ ಭೇದ ಗೊತ್ತಿಲ್ಲ. ವೇಗವಾಗಿ ಬೆಳೆಯುವ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಬಾಯಿಯ ಒಳಪದರ, ಕರುಳಿನ ಒಳಪದರ ವೇಗವಾಗಿ ಬೆಳೆಯುವಂಥವು. ಹಾಗಾಗಿ ಫಾರ್ಬರ್ ಅವರ ಮಕ್ಕಳಿಗೆ ಬಾಯಿ ತುಂಬ ಹುಣ್ಣಾಗುತ್ತಿತ್ತು. ಕೀಮೋ ತೆಗೆದುಕೊಂಡವರಿಗೆ ಕೂದಲು ಉದುರುವುದು, ವಾಂತಿಭೇದಿ, ಬಾಯಿಹುಣ್ಣು ಏಕೆ ಎಂದು ಕೇಳುವವರಿಗೆ ಉತ್ತರದ ದೊಡ್ಡ ಭಾಗ ಇಲ್ಲೇ ಇದೆ.

ಎರಡು ವರ್ಷದ ಹುಡುಗ

1947ರ ಡಿಸೆಂಬರ್ ಕೊನೆಯ ವಾರ. ಬಾಸ್ಟನ್ನಿನ ಹಡಗು ಕಟ್ಟೆಯ ಕಾರ್ಮಿಕನೊಬ್ಬನ ಎರಡು ವರ್ಷದ ಮಗ ತಿಂಗಳುಗಳಿಂದ ಲ್ಯುಕೇಮಿಯಾದಿಂದ ನರಳುತ್ತಿದ್ದ. ಅವನು ಅವಳಿ, ಜೊತೆಗೆ ಹುಟ್ಟಿದವನು ಆರೋಗ್ಯವಾಗಿದ್ದ. ಮೊದಲು ಕೊಟ್ಟ ಇನ್ನೊಂದು ಔಷಧ ಹೆಚ್ಚು ಕೆಲಸ ಮಾಡಿರಲಿಲ್ಲ. ಈಗ ಅಮಿನಾಪ್ಟೆರಿನ್ ಚುಚ್ಚಿದರು.

ಏರುತ್ತಲೇ ಇದ್ದ ಬಿಳಿ ಕಣಗಳ ಸಂಖ್ಯೆ ನಿಂತಿತು, ಆಮೇಲೆ ಇಳಿಯಿತು. ಗುಲ್ಮ ಊದಿ ಉಬ್ಬಿದ್ದ ಹೊಟ್ಟೆ ಇಳಿಯಿತು. ಹಸಿವಾಯಿತು. ನಿಲ್ಲಲೂ ಆಗದಿದ್ದ ಹುಡುಗ ನಡೆದ. ಎದುರಿಗೆ ಅವಳಿ ಸೋದರ ಇದ್ದ ಕಾರಣ, ಆರೋಗ್ಯವಂತ ಮಗು ಹೇಗಿರಬೇಕೆಂದು ಹೋಲಿಸಿ ನೋಡಲೂ ಆಗುತ್ತಿತ್ತು. ಕೆಲವು ತಿಂಗಳು ಇಬ್ಬರೂ ಒಂದೇ ತರ ಕಂಡರು.

ಆಮೇಲೆ ಕಾಯಿಲೆ ಮರಳಿ ಬಂತು. 1948ರಲ್ಲಿ ಆ ಹುಡುಗ ತೀರಿಕೊಂಡ.

1948ರ ಜೂನ್ 3ರಂದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಫಾರ್ಬರ್ ಮತ್ತು ಸಹೋದ್ಯೋಗಿಗಳ ಲೇಖನ ಬಂತು. 16 ಮಕ್ಕಳಿಗೆ ಔಷಧ ಕೊಟ್ಟಿದ್ದರು, 10 ಮಕ್ಕಳಲ್ಲಿ ಸುಧಾರಣೆ ಕಂಡಿತ್ತು. ಮಾತ್ರೆ, ಚುಚ್ಚುಮದ್ದಿನಿಂದ ಯಾರೂ ಏನೂ ಮಾಡಲಾಗದ ಕಾಯಿಲೆ ಅದು. ಆದರೂ ಲೇಖನದ ತಲೆಬರಹದಲ್ಲೇ, ಈ ಸುಧಾರಣೆ ತಾತ್ಕಾಲಿಕ ಎಂದು ಅವರು ಬರೆದರು. ಔಷಧ ವಿಷಕಾರಿ ಎಂಬುದನ್ನೂ ಮುಚ್ಚಿಡಲಿಲ್ಲ. ಎಷ್ಟು ಜನರಿಗೆ ಕೊಟ್ಟರು, ಎಷ್ಟು ಜನರಿಗೆ ಫಲ ಸಿಗಲಿಲ್ಲ, ಅಡ್ಡಪರಿಣಾಮ ಏನು? ಮುಂದಿನ ಸಲ ನೂರಕ್ಕೆ ನೂರು ಗುಣ ಎನ್ನುವ ಮೆಸೇಜ್ ಬಂದಾಗ ಈ ಮೂರು ಪ್ರಶ್ನೆಗೆ ಅದರಲ್ಲಿ ಉತ್ತರವಿದೆಯೇ ನೋಡಿ.

ಆ ಲೇಖನ ಬಂದ ಎರಡು ತಿಂಗಳಿಗೆ, 1948ರ ಆಗಸ್ಟ್‌ನಲ್ಲಿ, ಸುಬ್ಬರಾವ್ ಹೃದಯಾಘಾತದಿಂದ ತೀರಿಕೊಂಡರು. 53 ವರ್ಷ.

ಅಂದಹಾಗೆ, ಕ್ಯಾನ್ಸರಿಗೆ ಔಷಧ ಕೊಟ್ಟವರಲ್ಲಿ ಫಾರ್ಬರ್ ಜಗತ್ತಿಗೇ ಮೊದಲಿಗರಲ್ಲ. 1942ರಲ್ಲೇ ಯೇಲ್ ಯೂನಿವರ್ಸಿಟಿಯಲ್ಲಿ ನೈಟ್ರೋಜನ್ ಮಸ್ಟರ್ಡ್ ಎಂಬ ವಸ್ತುವನ್ನು ಲಿಂಫೋಮಾ ರೋಗಿಗೆ ಕೊಟ್ಟಿದ್ದರು. ಫಾರ್ಬರ್ ಅವರನ್ನು ಆಧುನಿಕ ಕೀಮೋಥೆರಪಿಯ ಪಿತಾಮಹ ಎನ್ನುವುದು ಕಣದ ಅಗತ್ಯವೇನೆಂದು ತಿಳಿದು, ಅದನ್ನೇ ತಡೆಯುವ ದಾರಿ ತೋರಿದ್ದಕ್ಕೆ.

ಹಾಗಾದರೆ ಫೋಲಿಕ್ ಆಸಿಡ್ ಮಾತ್ರೆ ಬಿಡಬೇಕೇ?

ಬೇಡ. ಇದನ್ನು ಓದಿ ಯಾರೂ ಫೋಲಿಕ್ ಆಸಿಡ್ ಕ್ಯಾನ್ಸರ್ ತರುತ್ತದೆ ಎಂದು ಹೊಸ ಫಾರ್ವರ್ಡ್ ಮಾಡಬೇಡಿ. ಬಸುರಿಯರಿಗೆ ಅದು ಬೇಕೇ ಬೇಕು. ಮಗುವಿನ ಬೆನ್ನುಹುರಿ, ಮಿದುಳು ಸರಿಯಾಗಿ ರೂಪುಗೊಳ್ಳಲು ಅದು ನೆರವಾಗುತ್ತದೆ. ಸೊಪ್ಪು, ಕಾಳು ತಿನ್ನುವುದಕ್ಕೂ ಅಡ್ಡಿಯಿಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮಾತ್ರ ವಿಟಮಿನ್ ತಾನೇ, ಏನಾಗುತ್ತದೆ ಎಂದು ತಮ್ಮಷ್ಟಕ್ಕೆ ಮಾತ್ರೆ ನುಂಗಬಾರದು. ಕೆಲವು ಕೀಮೋ ಔಷಧಗಳ ಕೆಲಸವೇ ವಿಟಮಿನ್ನನ್ನು ತಡೆಯುವುದು ಎಂದು ಈಗ ನಿಮಗೆ ಗೊತ್ತಾಯಿತಲ್ಲ.

ಅಮಿನಾಪ್ಟೆರಿನ್ ಹೆಚ್ಚು ವಿಷಕಾರಿಯಾದ್ದರಿಂದ ಅದರ ತಮ್ಮನಂತಿರುವ ಮೆಥೋಟ್ರೆಕ್ಸೇಟ್ 1950ರ ದಶಕದಲ್ಲಿ ಅದರ ಜಾಗಕ್ಕೆ ಬಂತು. ಮಕ್ಕಳ ಲ್ಯುಕೇಮಿಯಾಗೆ ಇಂದಿಗೂ ಅದನ್ನು ಕೊಡುತ್ತಾರೆ. ಸಂಧಿವಾತ, ಸೋರಿಯಾಸಿಸ್ ಇರುವ ಎಷ್ಟೋ ಜನರ ಮನೆಯ ಮಾತ್ರೆ ಡಬ್ಬಿಯಲ್ಲೂ ಅದಿದೆ. ಅಂಥವರ ಮನೆಯಲ್ಲಿ ನೀವಿದ್ದರೆ ಇದೊಂದನ್ನು ಗಮನಿಸಿ. ಸಂಧಿವಾತಕ್ಕೆ ಈ ಮಾತ್ರೆ ಸಾಮಾನ್ಯವಾಗಿ ವಾರಕ್ಕೆ ಒಂದು ದಿನ ಮಾತ್ರ. ಬಿಪಿ ಮಾತ್ರೆಯಂತೆ ದಿನಾ ನುಂಗಿದರೆ ಮಜ್ಜೆ ಕೆಟ್ಟು ಪ್ರಾಣಕ್ಕೇ ಅಪಾಯ. ಯಾವ ವಾರ ಎಂದು ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಜೊತೆಗೆ ಡಾಕ್ಟರ್ ಫೋಲಿಕ್ ಆಸಿಡ್ ಬರೆದಿದ್ದರೆ ಅದು ಬಾಯಿಹುಣ್ಣಿನಂಥ ತೊಂದರೆ ತಗ್ಗಿಸಲು. ಹೇಳಿದ ದಿನವೇ ತೆಗೆದುಕೊಳ್ಳಿ.

ಜಿಮ್ಮಿಗೊಂದು ಟಿವಿ

ಪ್ರಯೋಗಕ್ಕೆ ದುಡ್ಡು ಬೇಕಿತ್ತು. 1947ರಲ್ಲಿ ಫಾರ್ಬರ್ ಮಕ್ಕಳ ಕ್ಯಾನ್ಸರ್ ಸಂಶೋಧನಾ ಪ್ರತಿಷ್ಠಾನ ಶುರು ಮಾಡಿದ್ದರು. ಸಿನಿಮಾ, ನಾಟಕದವರ ಸಂಘವಾದ ವೆರೈಟಿ ಕ್ಲಬ್ ಅವರ ಬೆನ್ನಿಗೆ ನಿಂತಿತು. ಜನರ ಮನ ಮುಟ್ಟಲು ಒಂದು ಮುಖ ಬೇಕಿತ್ತು. ಫಾರ್ಬರ್ ಹತ್ತಿರ ಮೇನ್ ರಾಜ್ಯದ ಹಳ್ಳಿಯಿಂದ ಬಂದ 12 ವರ್ಷದ ಹುಡುಗನಿದ್ದ, ಕರುಳಿನಲ್ಲಿ ಲಿಂಫೋಮಾ. ಅವನ ಗುರುತು ಕಾಪಾಡಲು ಜಿಮ್ಮಿ ಎಂದು ಕರೆದರು.

1948ರ ಮೇ 22ರ ರಾತ್ರಿ ದೇಶವಿಡೀ ಕೇಳುವ ರೇಡಿಯೋ ಕಾರ್ಯಕ್ರಮ ಅವನ ಹಾಸಿಗೆಯ ಪಕ್ಕಕ್ಕೆ ಬಂತು. ಅವನ ಮೆಚ್ಚಿನ ಬೇಸ್‌ಬಾಲ್ ತಂಡ ಬಾಸ್ಟನ್ ಬ್ರೇವ್ಸ್‌ನ ಆಟಗಾರರು ಒಬ್ಬೊಬ್ಬರಾಗಿ ಕೋಣೆಗೆ ಬಂದರು. 20,000 ಡಾಲರ್ ಕೂಡಿದರೆ ಜಿಮ್ಮಿಗೆ ಆಟ ನೋಡಲು ಟಿವಿ ಸಿಗುತ್ತದೆ ಎಂದು ಕೇಳುಗರಿಗೆ ಹೇಳಲಾಯಿತು. ಜನ ಆಸ್ಪತ್ರೆಗೇ ಬಂದು ಕೊಟ್ಟರು, ಮಕ್ಕಳು ಚಿಲ್ಲರೆ ಕಳಿಸಿದರು. ಕೂಡಿದ್ದು 2 ಲಕ್ಷ ಡಾಲರಿಗೂ ಹೆಚ್ಚು. ಜಿಮ್ಮಿ ಫಂಡ್ ಹೆಸರಿನಲ್ಲಿ 1952ರಲ್ಲಿ ಕಟ್ಟಡವೇ ಎದ್ದಿತು. ಇಂದಿಗೂ ಆ ನಿಧಿ ನಡೆಯುತ್ತಿದೆ.

ಆ ಕಟ್ಟಡದಲ್ಲಿ ಫಾರ್ಬರ್ ತಂದ ವ್ಯವಸ್ಥೆ, ನನ್ನ ಪ್ರಕಾರ, ಅವರ ಔಷಧದಷ್ಟೇ ಮುಖ್ಯ. ಡಾಕ್ಟರ್, ನರ್ಸ್, ಸಮಾಜ ಕಾರ್ಯಕರ್ತರು, ಆಹಾರ ತಜ್ಞರು, ಪ್ರಯೋಗಾಲಯ, ಎಲ್ಲ ಒಂದೇ ಸೂರಿನಡಿ. ಮಗುವಿನ ಜೊತೆ ತಂದೆತಾಯಿಯ ಕಷ್ಟವನ್ನೂ ಕೇಳಬೇಕು, ಅದೂ ಚಿಕಿತ್ಸೆಯ ಭಾಗ ಎಂದು ಅವರು ಹಟ ಹಿಡಿದರು. ಶವಾಗಾರದಲ್ಲಿ ಎರಡು ದಶಕ ಕಳೆದ ಮನುಷ್ಯನಿಗೆ ಇದು ಹೊಳೆದದ್ದು ಆಶ್ಚರ್ಯವೇನಲ್ಲ. 1950ರ ದಶಕದಲ್ಲಿ ಅದೇ ಕೇಂದ್ರದಲ್ಲಿ ಆಕ್ಟಿನೋಮೈಸಿನ್ ಡಿ ಎಂಬ ಔಷಧವನ್ನು ಮಕ್ಕಳ ಕಿಡ್ನಿ ಕ್ಯಾನ್ಸರಾದ ವಿಲ್ಮ್ಸ್ ಗಡ್ಡೆಗೆ ಬಳಸಿದರು. ಶ್ವಾಸಕೋಶಕ್ಕೆ ಹರಡಿದ್ದ ಗಡ್ಡೆಗಳೂ ಕರಗಿದವು.

ಲ್ಯುಕೇಮಿಯಾದಲ್ಲಿ ತಾತ್ಕಾಲಿಕ ಎಂಬ ಪದ ಅಳಿಸಿದ್ದು ಫಾರ್ಬರ್ ಅಲ್ಲ. ಒಂದು ಔಷಧದ ಬದಲು ಹಲವನ್ನು ಒಟ್ಟಿಗೆ, ವರ್ಷಗಟ್ಟಲೆ ಕೊಡುವ ವಿಧಾನವನ್ನು 1960ರ ದಶಕದಲ್ಲಿ ಬೇರೆ ಆಸ್ಪತ್ರೆಗಳ ವೈದ್ಯರು ರೂಪಿಸಿದರು. ಇವತ್ತು ಶ್ರೀಮಂತ ದೇಶಗಳಲ್ಲಿ ಮಕ್ಕಳಿಗೆ ಹೆಚ್ಚಾಗಿ ಬರುವ ಬಗೆಯ ಲ್ಯುಕೇಮಿಯಾದಲ್ಲಿ 100ಕ್ಕೆ ಸುಮಾರು 90 ಮಕ್ಕಳು ಬದುಕುತ್ತಾರೆ.

ಫಾರ್ಬರ್ ಆಮೇಲೆ ಲ್ಯಾಬಿನಿಂದ ವಾಷಿಂಗ್ಟನ್‌ನತ್ತ ಹೊರಳಿದರು. ಮೇರಿ ಲಾಸ್ಕರ್ ಎಂಬ ಶ್ರೀಮಂತ ಹೋರಾಟಗಾರ್ತಿಯ ಜೊತೆ ಸೇರಿ ಸಂಶೋಧನೆಗೆ ಸರ್ಕಾರದ ದುಡ್ಡು ತರಿಸಿದರು. 1971ರ ಡಿಸೆಂಬರ್ 23ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕ್ಯಾನ್ಸರ್ ಕಾಯ್ದೆಯ ಹಿಂದೆ ಇವರ ಶ್ರಮವಿದೆ. ಈ ಹಂತದಲ್ಲಿ ಅವರ ಬಗ್ಗೆ ಒಂದು ದೂರು ಹೇಳಲೇಬೇಕು. 1948ರ ಲೇಖನದಲ್ಲಿ ಅಷ್ಟು ಎಚ್ಚರದಿಂದ ಬರೆದವರು, ದುಡ್ಡು ಕೇಳುವಾಗ ಪೂರ್ಣ ಗುಣ ಕೈಗೆಟಕುವಷ್ಟು ಹತ್ತಿರದಲ್ಲಿದೆ ಎಂಬಂತೆ ಮಾತಾಡಿದರು. ಕ್ಯಾನ್ಸರ್ ಒಂದೇ ಕಾಯಿಲೆಯಲ್ಲ, ನೂರಾರು ಕಾಯಿಲೆ. ಆ ಭರವಸೆ ಅವರು ಹೇಳಿದ ವೇಗದಲ್ಲಿ ಈಡೇರಲಿಲ್ಲ.

ಅವರ ಸ್ವಂತ ದೇಹವೂ ಕೈಕೊಟ್ಟಿತ್ತು. ಕರುಳಿನ ದೀರ್ಘಕಾಲದ ಉರಿಯೂತದಿಂದ ದೊಡ್ಡ ಕರುಳನ್ನೇ ತೆಗೆಸಿ, ಹೊಟ್ಟೆಗೆ ಚೀಲ ಕಟ್ಟಿಕೊಂಡೇ ಅವರು ಅಷ್ಟೆಲ್ಲ ಓಡಾಡಿದ್ದು. 1973ರ ಮಾರ್ಚ್ 30ರಂದು ಆಸ್ಪತ್ರೆಯ ತಮ್ಮ ಕಚೇರಿಯಲ್ಲೇ ಹೃದಯ ನಿಂತು ತೀರಿಕೊಂಡರು. 69 ವರ್ಷ. ಮರುವರ್ಷ ಕೇಂದ್ರಕ್ಕೆ ಅವರ ಹೆಸರಿಟ್ಟರು. 1983ರಲ್ಲಿ ದಾನಿ ಚಾರ್ಲ್ಸ್ ಡಾನಾ ಪ್ರತಿಷ್ಠಾನದ ಹೆಸರೂ ಸೇರಿ ಡಾನಾ-ಫಾರ್ಬರ್ ಆಯಿತು. ಅದು ಹಾರ್ವರ್ಡ್‌ನ ಬೋಧನಾ ಆಸ್ಪತ್ರೆ. ದೊಡ್ಡವರನ್ನೂ ಮಕ್ಕಳನ್ನೂ ನೋಡುತ್ತದೆ.

ಇನ್ನು ಜಿಮ್ಮಿ. ಅವನು ಯಾವತ್ತೋ ಸತ್ತಿರಬೇಕು ಎಂದೇ ಐವತ್ತು ವರ್ಷ ಎಲ್ಲರೂ ನಂಬಿದ್ದರು. ಆ ಕಾಲದ ಕ್ಯಾನ್ಸರ್ ಮಕ್ಕಳು ಬದುಕುತ್ತಿದ್ದದ್ದೇ ಅಪರೂಪ. 1998ರಲ್ಲಿ ಅವರು ಎಲ್ಲರೆದುರು ಬಂದು ನಿಂತರು. ಮೇನ್ ರಾಜ್ಯದಲ್ಲಿ ಲಾರಿ ಓಡಿಸಿಕೊಂಡು, ಮಕ್ಕಳು ಮೊಮ್ಮಕ್ಕಳನ್ನು ಕಂಡಿದ್ದರು. 2001ರ ಜನವರಿಯಲ್ಲಿ, 65ನೇ ವಯಸ್ಸಿನಲ್ಲಿ, ಪಾರ್ಶ್ವವಾಯು ಬಡಿದು ತೀರಿಕೊಂಡರು.